ಯಾರ ವಾಸನೆಯೂ ಇಲ್ಲದ ಜಾಗ

"ಆ ಬುಟ್ಟೀನ ಸ್ವಲ್ಪ ಆ ಕಡೆ ಇಟ್ಕೋತೀರಾ?"

ಮಾತು ವಿನಂತಿಯದು, ದನಿ ಮಾತ್ರ ಜಗಳದ್ದು. ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಅವನು ತಲೆ ಎತ್ತಿದ. ಎದುರಿಗೆ ನಿಂತವಳ ಕಣ್ಣು ಕೆಂಪಾಗಿತ್ತು. ಅವಳು ಎದೆಗೆ ಒತ್ತಿ ಹಿಡಿದ ರಟ್ಟಿನ ಪೆಟ್ಟಿಗೆಯೊಳಗಿಂದ ಸದ್ದು ಬರುತ್ತಿತ್ತು. ಧಪ್... ಧಪ್...

"ನಿಮ್ಮ ಮೊಲದ ವಾಸನೆಗೆ ನನ್ನದು ಹೆದರ್ತಾ ಇದೆ. ಮೊದಲೇ ನಿನ್ನೆಯಿಂದ ಏನೂ ತಿಂದಿಲ್ಲ ಅದು."

ಅವನು ಬುಟ್ಟಿ ಎತ್ತಿಕೊಂಡು ಬೆಂಚಿನ ಆ ತುದಿಗೆ ಸರಿದ. ಒಗೆಯುವ ಬಟ್ಟೆ ತುಂಬುವಂಥ ದೊಡ್ಡ ಪ್ಲಾಸ್ಟಿಕ್ ಬುಟ್ಟಿ. ಒಳಗೆ ಬಿಳಿ ಮೊಲವೊಂದು ಮಡಚಿಟ್ಟ ಟವೆಲ್ಲಿನ ಮೇಲೆ ಮಹಾರಾಣಿಯ ಹಾಗೆ ಕೂತಿತ್ತು.

ಅಲ್ಲಿಂದಲೇ ಮೆತ್ತಗೆ ಹೇಳಿದ, "ಹೆದರಿಕೆ ಅಲ್ಲ ಅನ್ಸುತ್ತೆ, ಮೇಡಂ. ಹೆದರಿದ್ರೆ ಇವು ಒಂದೆರಡು ಸಲ ಕಾಲು ಬಡಿದು ಸುಮ್ಮನಾಗ್ತಾವೆ. ನಿಮ್ಮದು ಯಾರನ್ನೋ ಕರೀತಾ ಇರೋ ಹಾಗಿದೆ."

ಅವಳು ಪೆಟ್ಟಿಗೆಯನ್ನು ಇನ್ನಷ್ಟು ಒತ್ತಿ ಹಿಡಿದಳು. ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಳ್ಳಲೂ ಅಂಜುತ್ತಿದ್ದ ಮಾತು ಅದು.

ನೋಡಿ, ಮೊದಲ ಭೇಟಿ ಅಂದರೆ ಕಣ್ಣಿಗೆ ಕಣ್ಣು ಸೇರಿ ಏನೇನೋ ಆಗಬೇಕು ಅಂತ ನೀವು ಕಾಯುತ್ತಿದ್ದರೆ ನಾನೇನೂ ಮಾಡುವ ಹಾಗಿಲ್ಲ. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಅಷ್ಟೇ ಆಗಿದ್ದು. ಗೊತ್ತಿಲ್ಲದ ಮನುಷ್ಯ, ಗೊತ್ತಿಲ್ಲದ ಹಾಗೆ ಸರಿಯಾದ ಜಾಗಕ್ಕೆ ಕೈ ಇಟ್ಟರೆ ಸಿಟ್ಟೇ ಬರುವುದು.

ಒಳಗೆ ಡಾಕ್ಟರಮ್ಮ ಪೆಟ್ಟಿಗೆಯಿಂದ ಬೂದು ಬಣ್ಣದ ಮೊಲವನ್ನು ಎತ್ತಿ ಮೇಜಿನ ಮೇಲಿಟ್ಟು, ಹೊಟ್ಟೆ ಒತ್ತಿ ನೋಡಿದರು. ಅದರ ಹೆಸರು ಜಂಬ. ಹೆಸರಿಗೆ ತಕ್ಕ ಹಾಗೆ ಒಂದು ಕಾಲದಲ್ಲಿ ಎದೆ ಉಬ್ಬಿಸಿಕೊಂಡು ಓಡಾಡುತ್ತಿತ್ತು. ಈಗ ಕೈ ಬಿಟ್ಟರೆ ಬಿದ್ದುಹೋಗುವ ಹಾಗಿತ್ತು.

"ಇದರ ಜೊತೆ ಇನ್ನೊಂದು ಇತ್ತಲ್ಲ?"

"ಬಿಂಕ. ಹೋದ ವಾರ ಸತ್ತುಹೋಯ್ತು."

"ಸತ್ತಿದ್ದನ್ನ ಇದಕ್ಕೆ ತೋರಿಸಿದ್ರಾ?"

"ಇಲ್ಲ... ಬೇಗ ತಗೊಂಡು ಹೋಗಿ ಮಣ್ಣು ಮಾಡಿಬಿಟ್ವಿ."

"ತೋರಿಸಬೇಕಿತ್ತಮ್ಮ," ಡಾಕ್ಟರಮ್ಮನ ಕೈ ನಿಂತಿತು. "ಮೂಸಿ ನೋಡ್ತಾವೆ, ತಳ್ಳಿ ನೋಡ್ತಾವೆ, ಆಮೇಲೆ ತಾವೇ ಬಿಟ್ಟು ಬರ್ತಾವೆ. ನೋಡದೇ ಇದ್ರೆ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯ್ತಾನೇ ಇರ್ತಾವೆ."

ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

'ನನಗೂ ಯಾರೂ ತೋರಿಸಲಿಲ್ಲ...'

"ಚುಚ್ಚುಮದ್ದು ಕೊಡ್ತೀನಿ, ಹಸಿವಾಗುತ್ತೆ. ಆದರೆ ಅದು ಎರಡು ದಿನದ ಮಾತು. ಮೊಲ ತಿನ್ನೋದು ನಿಲ್ಲಿಸಿದ್ರೆ ಹೊಟ್ಟೆ ನಿಂತುಹೋಗುತ್ತೆ, ಜೀವ ಉಳಿಯಲ್ಲ. ಇದಕ್ಕೆ ಜೊತೆ ಬೇಕು. ಅದು ನನ್ನ ಬೀರುವಿನಲ್ಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿದೆ." ಡಾಕ್ಟರಮ್ಮ ಬಾಗಿಲು ತೆಗೆದು ಕರೆದರು, "ಲಾಂಡ್ರಿ, ಒಳಗೆ ಬಾಪ್ಪ."

ಲಾಂಡ್ರಿ ಇಟ್ಟುಕೊಂಡಿದ್ದ ಅವನು ಬುಟ್ಟಿ ಹಿಡಿದುಕೊಂಡು ಬಂದ. ಅವಳ ಮುಖ ಕೆಂಪಾಯಿತು.

ಮುಂದಿನ ಹತ್ತು ನಿಮಿಷ ಡಾಕ್ಟರಮ್ಮ ಸಂಬಂಧ ಕುದುರಿಸುವವರ ಹಾಗೆಯೇ ಮಾತಾಡಿದರು. ಹೆಣ್ಣಿನ ಹೆಸರು ಚೀಟಿ. ಯಾರೋ ಹಾಸಿಗೆ ಬಟ್ಟೆಯ ಗಂಟಿನ ಜೊತೆ ಲಾಂಡ್ರಿಯಲ್ಲಿ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ಬಟ್ಟೆ ಕೊಟ್ಟಾಗ ಹರಿದುಕೊಡುವ ಚೀಟಿ ಇಲ್ಲದೆ ಬಂದವಳು, ಕೇಳಿಕೊಂಡು ಯಾರೂ ಬರಲಿಲ್ಲ, ಅದಕ್ಕೇ ಆ ಹೆಸರು. ಎರಡಕ್ಕೂ ಮರಿಯಾಗದ ಆಪರೇಷನ್ ಆಗಿದೆ. ಚೀಟಿಯೂ ಒಂಟಿ, ಬೇಸರಕ್ಕೆ ತನ್ನ ಕೂದಲನ್ನು ತಾನೇ ಕಿತ್ತುಕೊಳ್ಳುತ್ತಿತ್ತು.

"ಒಂದೇ ಸಲ ಎದುರುಬದುರು ಬಿಟ್ರೆ ಕಿತ್ತಾಡಿ ಸಾಯ್ತಾವೆ," ಅಂದರು ಡಾಕ್ಟರಮ್ಮ. "ಮೊದಲು ವಾಸನೆ ಪರಿಚಯ ಆಗಲಿ. ಇದು ಮಲಗೋ ಬಟ್ಟೆ ಅದಕ್ಕೆ, ಅದು ಮಲಗೋ ಬಟ್ಟೆ ಇದಕ್ಕೆ. ತೊಳೀಬಾರದು. ಲಾಂಡ್ರಿ, ನಿನಗೇ ಹೇಳ್ತಿರೋದು, ತೊಳೀಬಾರದು."

"ಸರಿ ಡಾಕ್ಟರಮ್ಮ."

"ಆಮೇಲೆ ಭೇಟಿ. ಅದು ಇದರ ಮನೇಲೂ ಬೇಡ, ಅದರ ಮನೇಲೂ ಬೇಡ. ಯಾರ ವಾಸನೆಯೂ ಇಲ್ಲದ ಜಾಗ ಬೇಕು. ಕೊನೇದಾಗಿ, ಒಂದಾದ ಮೇಲೆ ಒಂದು ದಿನಾನೂ ಬೇರೆ ಇಡಬಾರದು. ಬೇರೆ ಇಟ್ರೆ ಮರೆತು ಮತ್ತೆ ಶತ್ರುಗಳಾಗ್ತಾವೆ."

ಹಾಗಾದರೆ ಒಂದಾದ ಮೇಲೆ ಯಾರ ಮನೆಯಲ್ಲಿ ಅಂತ ಇಬ್ಬರೂ ಕೇಳಲಿಲ್ಲ. ಕೇಳಬೇಕಿತ್ತು. ಕೇಳಿದ್ದರೆ ನನಗೆ ಈ ಕಥೆ ಹೇಳುವ ಕೆಲಸ ಇರುತ್ತಿರಲಿಲ್ಲ.

ಅವಳದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ದಿನವಿಡೀ ಕತ್ತಲೆ ಕೋಣೆಯಲ್ಲಿ ಗಾಜು ಬದಲಿಸುತ್ತ, "ಒಂದನೇದು ಚೆನ್ನಾಗಿದೆಯಾ, ಎರಡನೇದಾ?" ಅಂತ ಕೇಳುವವಳು. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವಳು ಅಂತ ಅಂಗಡಿಯವರೆಲ್ಲ ತಿಳಿದಿದ್ದರು.

ಸಂಜೆ ಮನೆಗೆ ಬಂದರೆ ಅವಳು ಬೇರೆಯೇ ಹೆಂಗಸು.

ಮನೆಯಲ್ಲಿ ಇದ್ದದ್ದು ಅವಳು, ಅತ್ತೆ, ಜಂಬ. ಗಂಡನಿಗೆ ನದಿಯ ನೀರಿನ ಮಟ್ಟ ಅಳೆಯುವ ಕೆಲಸವಿತ್ತು. ಹದಿನಾಲ್ಕು ತಿಂಗಳ ಹಿಂದೆ ಒಂದು ದಿನ ದೋಣಿ ಮಗುಚಿತು. ದೋಣಿ ಸಿಕ್ಕಿತು, ಅಳತೆಯ ಕೋಲು ಸಿಕ್ಕಿತು, ಅವನು ಸಿಗಲಿಲ್ಲ. ಕಚೇರಿಯವರು ಹನ್ನೊಂದು ದಿನ ಹುಡುಕಿ ಕಾಗದ ಬರೆದುಕೊಟ್ಟರು. ಕಾಗದದಲ್ಲಿ ಸತ್ತವನು ಮನೆಯಲ್ಲಿ ಹೇಗೆ ಸಾಯಬೇಕು?

ಅವನ ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಒಳಗೆ ಬೀರು, ಮೇಜು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅವನ ಬೂದು ಬಣ್ಣದ ಸ್ವೆಟರ್. ಮನೆಯಲ್ಲಿ ತೊಳೆಯದೆ ಉಳಿದ ಅವನ ಬಟ್ಟೆ ಅದೊಂದೇ. ಅವಳು ದಿನವೂ ಸಂಜೆ ಕವರು ಬಿಚ್ಚಿ, ಮುಖ ಹುದುಗಿಸಿ ಒಂದೇ ಒಂದು ಸಲ ಉಸಿರು ಎಳೆದುಕೊಂಡು, ಖಾಲಿಯಾಗಿಬಿಟ್ಟೀತು ಅಂತ ಬೇಗ ಕಟ್ಟಿಡುತ್ತಿದ್ದಳು. ಅವನ ಶೇವಿಂಗ್ ಸೋಪಿನ ವಾಸನೆ, ತಲೆಗೆ ಹಚ್ಚುತ್ತಿದ್ದ ಎಣ್ಣೆಯ ವಾಸನೆ, ಅದರ ಕೆಳಗೆ ಹೆಸರಿಲ್ಲದ ಇನ್ನೇನೋ.

ಇಷ್ಟೇ ಆಗಿದ್ದರೆ ದುಃಖ ಅನ್ನಬಹುದಿತ್ತು. ಆದರೆ ನಾಲ್ಕೈದು ದಿನಕ್ಕೊಮ್ಮೆ, ಅವಳು ಕೆಲಸದಿಂದ ಬಂದು ಮುಖ ತೊಳೆಯುತ್ತಿರುವಾಗ, ಹಜಾರದಲ್ಲಿ ಜಂಬ ಕಾಲು ಬಡಿಯುತ್ತಿತ್ತು. ಧಪ್. ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ಕಿವಿ ನಿಮಿರಿಸಿ. ಧಪ್... ಧಪ್... ಅಂಥ ದಿನ ಸದ್ದು ನಿಂತ ಮೇಲೆ ಅವಳು ಕವರು ಬಿಚ್ಚಿದರೆ ವಾಸನೆ ಹೊಸದಾಗಿರುತ್ತಿತ್ತು. ಈಗಷ್ಟೇ ಮೈಯಿಂದ ತೆಗೆದಿಟ್ಟ ಹಾಗೆ.

'ಬಂದು ಹೋಗಿದ್ದಾರೆ...'

ಕಣ್ಣು ಪರೀಕ್ಷೆ ಮಾಡುವವಳು ಇದನ್ನು ಯಾರಿಗೆ ಹೇಳುತ್ತಾಳೆ? ಅತ್ತೆಗಂತೂ ಹೇಳಲಾರಳು. ಅತ್ತೆ ಮಗನ ಹೆಸರೆತ್ತುತ್ತಿರಲಿಲ್ಲ. ಬಾಯಿ ಮಾತ್ರ ಯಾವಾಗಲೂ ಓಡುತ್ತಿತ್ತು, ಹಾಲಿನವನ ಬಗ್ಗೆ, ನಲ್ಲಿಯ ಬಗ್ಗೆ, ಮೊಣಕಾಲಿನ ಬಗ್ಗೆ.

"ಮೊಲಕ್ಕೆ ಹೆಣ್ಣು ನೋಡಿ ಬಂದ್ಯಂತೆ?" ಅವತ್ತು ಅತ್ತೆ ಕೇಳಿದರು. "ಹುಡುಗಿ ಕಡೆಯವರು ಹೇಗೆ?"

"ಲಾಂಡ್ರಿ ಇಟ್ಕೊಂಡಿದ್ದಾರೆ ಅತ್ತೆ."

"ಹಾಗಿದ್ರೆ ಶುಭ್ರವಾದ ಮನೆತನ," ಅಂದು ಅತ್ತೆ ಅವಳ ತಟ್ಟೆಗೆ ಇನ್ನಷ್ಟು ಬಡಿಸಿದರು.

ಬಟ್ಟೆಗಳು ಓಡಾಡಿದವು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅವಳು ಜಂಬನ ಟವೆಲ್ ಕೊಟ್ಟು ಚೀಟಿಯ ಟವೆಲ್ ತರುತ್ತಿದ್ದಳು. ಹತ್ತು ದಿನದ ಮೇಲೆ ಭೇಟಿ. ಯಾರ ವಾಸನೆಯೂ ಇಲ್ಲದ ಜಾಗ ಎಲ್ಲಿ ಹುಡುಕುವುದು ಅಂತ ಅವಳು ಚಿಂತೆ ಮಾಡಿದರೆ, ಅವನು ಲಾಂಡ್ರಿಯ ಹಿಂಬದಿಯ ಬಾಗಿಲು ತೆರೆದು ತೋರಿಸಿದ. ಅವನಮ್ಮನ ಕಾಲದ ದೊಡ್ಡ ಒಗೆಯುವ ತೊಟ್ಟಿ. ಒಳಗೆ ಬಿಳಿ ಟೈಲ್ಸು. ಉಜ್ಜಿ, ಬಿಸಿನೀರು ಸುರಿದು, ಒಣಗಿಸಿ ಇಟ್ಟಿದ್ದ.

"ವಾಸನೆ ತೆಗೆಯೋದೇ ನನ್ನ ಕಸುಬು, ಮೇಡಂ. ನಲವತ್ತು ವರ್ಷದಿಂದ ಊರಿನವರ ಬೆವರೆಲ್ಲ ಇಲ್ಲೇ ಹೋಗಿರೋದು."

ಮೊದಲ ದಿನ ಐದು ನಿಮಿಷಕ್ಕೇ ಕೂದಲು ಹಾರಿತು. ಅವನು ದಪ್ಪ ಟವೆಲ್ ಎಸೆದು ಬಿಡಿಸಿದ. ಎರಡನೇ ದಿನ ಚೀಟಿ ಅಟ್ಟಿಸಿಕೊಂಡು ಹೋದಳು, ಜಂಬ ಮೂಲೆ ಹಿಡಿಯಿತು. ಆರನೇ ದಿನ ಎರಡೂ ಒಂದನ್ನೊಂದು ನೋಡದೆ, ಬೆನ್ನು ಹಾಕಿ ಕೂತು ಮೈ ನೆಕ್ಕಿಕೊಂಡವು. ಹೀಗೆ ಅಲಕ್ಷ್ಯ ಮಾಡಿದರೆ ಒಳ್ಳೇ ಲಕ್ಷಣ ಅಂತ ಡಾಕ್ಟರಮ್ಮ ಹೇಳಿದ್ದರು. ತೊಟ್ಟಿಯ ಈ ಅಂಚಿಗೆ ಅವಳು, ಆ ಅಂಚಿಗೆ ಅವನು, ಅವರೂ ಅಷ್ಟೇ ಶ್ರದ್ಧೆಯಿಂದ ಒಬ್ಬರನ್ನೊಬ್ಬರು ನೋಡದೆ ಕೂತಿರುತ್ತಿದ್ದರು.

ಜಂಬ ಈಗ ದಿನಕ್ಕೆ ಒಂದು ಹಿಡಿ ಒಣಹುಲ್ಲು ತಿನ್ನುತ್ತಿತ್ತು. ಸಾಲದು, ಆದರೆ ಜೀವ ಹಿಡಿಯುವಷ್ಟು.

ಒಂದು ಸಂಜೆ ಅವನು ಬಟ್ಟೆಯ ಗುರುತಿನ ನಂಬರನ್ನು ಕೈ ಚಾಚಿ ದೂರ ಹಿಡಿದು ಓದುವುದನ್ನು ಅವಳು ನೋಡಿದಳು. ಮರುದಿನವೇ ಅಂಗಡಿಗೆ ಕರೆಸಿದಳು. ಕತ್ತಲೆ ಕೋಣೆಯಲ್ಲಿ ಗಾಜು ಬದಲಿಸುತ್ತ ಕೇಳಿದಳು, "ಒಂದನೇದಾ, ಎರಡನೇದಾ?"

"ಎರಡೂ ಒಂದೇ ಥರ ಇದೆ."

"ಈಗ?"

"ಎರಡೂ ಒಂದೇ ಥರ ಇದೆ, ಮೇಡಂ."

"ಅಕ್ಷರ ನೋಡ್ರಿ. ನನ್ನನ್ನಲ್ಲ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಕತ್ತಲೆ ಇದ್ದದ್ದು ಒಳ್ಳೆಯದಾಯಿತು. ಅವತ್ತು ಮನೆಗೆ ಹೋಗುವಾಗ ಒಂದು ಕ್ಷಣ ನಗುಬಂತು, ಮರುಕ್ಷಣ ಎದೆಯಲ್ಲಿ ಅಳುಕು. ಬಾಗಿಲು ತೆಗೆದರೆ ಜಂಬ ಕೋಣೆಯ ಮುಂದೆ ನಿಂತು ಕಾಲು ಬಡಿಯುತ್ತಿತ್ತು. ಬಡಿತ ನಿಂತು, ಮುಖ ತೊಳೆದು ಬಂದ ಮೇಲೆ ಅವಳು ಕೋಣೆಗೆ ಹೋಗಿ ಸ್ವೆಟರಿನಲ್ಲಿ ಮುಖ ಮುಚ್ಚಿಕೊಂಡಳು. ವಾಸನೆ ಹೊಸದಾಗಿತ್ತು.

"ತಪ್ಪಾಯ್ತು," ಅಂದಳು ಸ್ವೆಟರಿಗೆ.

ಲಾಂಡ್ರಿಯವನ ಅಮ್ಮನ ಮಾತು ಬಂದದ್ದು ತೊಟ್ಟಿಯ ಪಕ್ಕದಲ್ಲೇ. ಮದುವೆ ಯಾಕಾಗಲಿಲ್ಲ ಅಂತ ಅವಳು ಕೇಳಿದ್ದಕ್ಕೆ, "ಬಟ್ಟೆ ಒಣಗಿಸೋದರಲ್ಲೇ ಟೈಮ್ ಹೋಯ್ತು" ಅಂತ ನಕ್ಕು, ಆಮೇಲೆ ತಾನಾಗಿ ಹೇಳಿದ.

"ಅಮ್ಮ ಹೋಗಿ ಮೂರು ವರ್ಷ. ಹೋದ ದಿನ ಅವಳ ಬಟ್ಟೆ ಮೂಲೇಲಿ ಬಿದ್ದಿತ್ತು. ಆ ದಿನದ ಬಟ್ಟೆ ಜೊತೆ ಎತ್ತಿ ಮೆಷಿನ್‌ಗೆ ಹಾಕಿಬಿಟ್ಟೆ. ಬೇಕಂತ ಅಲ್ಲ. ಕೈಗೆ ಅಭ್ಯಾಸ. ತಿರುಗೋಕೆ ಶುರುವಾದ ಮೇಲೆ ಗೊತ್ತಾಯ್ತು... ಗಾಜಿನ ಬಾಗಿಲು ಹಿಡ್ಕೊಂಡು ನೋಡ್ತಾ ನಿಂತೆ. ಅವಳದು ಅಂತ ಮೂಸೋಕೆ ಆಮೇಲೆ ಏನೂ ಉಳೀಲಿಲ್ಲ."

ಅವಳು ತೊಟ್ಟಿಯ ಆಚೆ ಅಂಚಿನಲ್ಲಿದ್ದ ಅವನ ಕಡೆ ನೋಡಿದಳು. 'ಇವರಿಗೆ ಅರ್ಥವಾಗುತ್ತೆ. ಈ ಪ್ರಪಂಚದಲ್ಲಿ ಇವರೊಬ್ಬರಿಗೆ.'

ಅದಕ್ಕೇ ಆ ಸಾಹಸ ಮಾಡಿದ್ದು. ಜಂಬನಿಗೆ ನೆಮ್ಮದಿ ಕೊಡುವ ಬಟ್ಟೆ ಯಾವುದಾದರೂ ಇದ್ದರೆ ಚೀಟಿಯ ಹತ್ತಿರ ಒಂದು ದಿನ ಇಡಿ, ಚೀಟಿಯ ವಾಸನೆ ಅದರೊಳಗೆ ಸೇರಲಿ ಅಂತ ಡಾಕ್ಟರಮ್ಮ ಹೇಳಿದಾಗ, ಮೂರು ದಿನ ಯೋಚಿಸಿ ಅವಳು ಕವರನ್ನು ತಂದು ಅವನ ಕೈಗಿಟ್ಟಳು. ಅದು ಏನು, ಯಾರದು ಅಂತ ಹೇಳಿದಳು.

"ಒಂದೇ ದಿನ. ಜೀವ ಕೊಟ್ಟ ಹಾಗೆ ಕೊಡ್ತಾ ಇದ್ದೀನಿ."

"ಜೀವದ ಹಾಗೇ ನೋಡ್ಕೋತೀನಿ."

ಮರುದಿನ ಸಂಜೆ ಅವನೇ ಮನೆಗೆ ತಂದುಕೊಟ್ಟ. ಅತ್ತೆ ಬಾಗಿಲು ತೆಗೆದರು. ಅವಳು ನಿಂತಲ್ಲೇ ಕವರು ಬಿಚ್ಚಿ ಮುಖಕ್ಕೆ ಒತ್ತಿಕೊಂಡಳು.

ಏನೂ ಇರಲಿಲ್ಲ.

ಇಸ್ತ್ರಿಯ ಹಬೆ, ಗಂಜಿ, ಒಣಹುಲ್ಲು, ಮೊಲ. ಅವುಗಳ ಕೆಳಗೆ ಬರೀ ಉಣ್ಣೆ. ಮತ್ತೆ ಮೂಸಿದಳು. ತೋಳು, ಕುತ್ತಿಗೆ, ಅಂಚು. ಸೋಪಿಲ್ಲ. ಎಣ್ಣೆಯಿಲ್ಲ. ಅವನಿಲ್ಲ.

"ತೊಳೆದ್ರಾ?"

ಬಾಗಿಲಲ್ಲಿ ನಿಂತವನು ಬಾಯಿ ತೆಗೆದ. "ಇಲ್ಲ, ನಾನು..." ಅನ್ನುವಷ್ಟರಲ್ಲಿ ಅವನ ಕಣ್ಣು ಅವಳ ಹೆಗಲಾಚೆ ಹೋಯಿತು. ಅತ್ತೆ ಗೋಡೆ ಹಿಡಿದು ನಿಂತಿದ್ದರು. ಎರಡು ಉಸಿರಿನಷ್ಟು ಹೊತ್ತು ಅವನು ಅತ್ತೆಯನ್ನೇ ನೋಡಿದ. ಆಮೇಲೆ ತಲೆ ಬಗ್ಗಿಸಿದ.

"ಹೌದು ಮೇಡಂ. ಕೈ ತಪ್ಪಿತು. ಬೇರೆ ಬಟ್ಟೆ ಜೊತೆ ಹೋಗಿಬಿಡ್ತು."

"ಅಮ್ಮನದು ತೊಳೆದು ಹಾಕಿದ್ದು ಸಾಲಲಿಲ್ಲ ನಿಮಗೆ?"

ಎಂಥ ಮಾತು. ಆಡಿದ ಅವಳಿಗೂ ಅದು ತಾಗಿತು, ಆದರೆ ನಿಲ್ಲಿಸಲಾಗಲಿಲ್ಲ. "ಹೋಗಿ. ನಿಮ್ಮ ಮೊಲ ನಿಮಗೆ, ನನ್ನದು ನನಗೆ. ಇನ್ನು ಆ ಕಡೆ ನಾನು ಬರಲ್ಲ."

ಅವನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಅತ್ತೆ ಏನೋ ಹೇಳಲು ಹೋಗಿ ಅಡುಗೆಮನೆಗೆ ನಡೆದುಬಿಟ್ಟರು.

ಒಂಬತ್ತು ದಿನ.

ಆ ಒಂಬತ್ತು ದಿನ ಮನೆ ಎಷ್ಟು ಮೌನವಾಗಿತ್ತು ಅಂದರೆ ಗಡಿಯಾರಕ್ಕೂ ಸಂಕೋಚವಾಗಬೇಕು. ಜಂಬ ಒಮ್ಮೆಯೂ ಕಾಲು ಬಡಿಯಲಿಲ್ಲ. ವಾಸನೆ ಹೊಸದಾಗಲಿಲ್ಲ. ಇಷ್ಟು ದಿನ ಬಂದು ಹೋಗುತ್ತಿದ್ದವರು ಬರುವುದನ್ನೇ ಬಿಟ್ಟರು ಅಂತ ಅವಳಿಗೆ ಅನ್ನಿಸಿತು. ತಾನೇ ಆ ಸ್ವೆಟರನ್ನು ಬೇರೆ ಗಂಡಸಿನ ಕೈಗೆ ಕೊಟ್ಟೆ, ಅದಕ್ಕೇ ಮುನಿಸಿಕೊಂಡರು. ಅತ್ತ ಅವನನ್ನು ಕಳೆದುಕೊಂಡೆ, ಇತ್ತ ಇವನನ್ನೂ... ಈ ಎರಡನೇ ಯೋಚನೆ ಬಂದಾಗ ಬೆಚ್ಚಿಬಿದ್ದಳು. ಇವನನ್ನೂ ಅಂದರೆ ಏನರ್ಥ?

ಜಂಬ ತಿನ್ನುವುದನ್ನು ಪೂರ್ತಿ ಬಿಟ್ಟಿತು. ಅವಳು ಸಿರಿಂಜಿನಲ್ಲಿ ಗಂಜಿ ಹಿಂಡಿದರೆ ಬಾಯಿಯ ಅಂಚಿನಿಂದ ಇಳಿದುಹೋಗುತ್ತಿತ್ತು. ಇನ್ನೆರಡು ದಿನ ನೋಡಿ, ಆಮೇಲೆ ನನ್ನ ಕೈಲಿಲ್ಲ ಅಂದರು ಡಾಕ್ಟರಮ್ಮ.

ಒಂಬತ್ತನೇ ದಿನ ಸಂಜೆ ಅವಳು ಬಚ್ಚಲಲ್ಲಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಳು.

ಧಪ್.

ಕೈಯಲ್ಲಿದ್ದ ನೀರು ಹಾಗೇ ಸೋರಿಹೋಯಿತು.

ಧಪ್... ಧಪ್...

ಓಡಿದಳು. ಹಜಾರದಲ್ಲಿ ಜಂಬ ನಿಲ್ಲಲೂ ಆಗದೆ ನಿಂತು, ಮುಚ್ಚಿದ ಬಾಗಿಲಿಗೆ ಮುಖ ಮಾಡಿತ್ತು. ಬಾಗಿಲ ಸಂದಿಯಿಂದ ತೆಳುವಾಗಿ, ತುಂಬ ತೆಳುವಾಗಿ, ಅವನ ಶೇವಿಂಗ್ ಸೋಪಿನ ವಾಸನೆ ಬರುತ್ತಿತ್ತು. ಇಷ್ಟು ತಿಂಗಳಲ್ಲಿ ಆ ಕ್ಷಣಕ್ಕೆ ಬಾಗಿಲು ತೆಗೆಯುವ ಧೈರ್ಯ ಅವಳಿಗೆ ಯಾವತ್ತೂ ಬಂದಿರಲಿಲ್ಲ. ತೆಗೆದರೆ ಹೊರಟುಹೋಗುತ್ತಾರೆ ಅಂತ ಭಯ. ಅವತ್ತು ಕಾಲಬಳಿ ಸಾಯುತ್ತಿದ್ದ ಜೀವ ನೋಡಿ ತೆಗೆದಳು.

ಕಿಟಕಿಯ ಬೆಳಕಿನಲ್ಲಿ, ಮಂಚದ ಅಂಚಿನಲ್ಲಿ ಅತ್ತೆ ಕೂತಿದ್ದರು. ತೊಡೆಯ ಮೇಲೆ ಸ್ವೆಟರ್. ಕೈಯಲ್ಲಿ ಶೇವಿಂಗ್ ಸೋಪಿನ ಹಳೇ ಡಬ್ಬಿ. ಖಾಲಿ ಡಬ್ಬಿಯ ತಳವನ್ನು ಉಗುರಿನಿಂದ ಕೆರೆದು, ಸಿಕ್ಕಷ್ಟನ್ನು ಸ್ವೆಟರಿನ ಕುತ್ತಿಗೆಗೆ ಉಜ್ಜುತ್ತಿದ್ದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಮುಗಿದುಹೋಯ್ತು," ಅಂದರು ಅತ್ತೆ. "ಹೋದ ಸಲವೇ ತಳ ಕೆರೆದು ಹಚ್ಚಿದ್ದೆ, ಆಮೇಲೆ ಊರೆಲ್ಲ ಹುಡುಕಿದೆ. ಇಂಥದು ಈಗ ಯಾವ ಅಂಗಡೀಲೂ ಸಿಗ್ತಾ ಇಲ್ಲ."

"ಅತ್ತೆ..."

"ಅವತ್ತು ಬೆಳಿಗ್ಗೆನೇ ಎಲ್ಲ ತೊಳೆದುಬಿಟ್ಟಿದ್ದೆ ಕಣೇ. ಅವನು ಬಂದ ಮೇಲೆ ಬೆಚ್ಚಗೆ ಹಾಕ್ಕೊಳ್ಳಲಿ ಅಂತ ಸ್ವೆಟರೂ ತೊಳೆದೆ. ಹಗ್ಗದ ಮೇಲೆ ಒಣಗ್ತಾ ಇತ್ತು, ಸಂಜೆ ಸುದ್ದಿ ಬಂತು. ಮರುದಿನ ನೀನು ಬೀರು ಬಿಚ್ಚಿ ಎಲ್ಲ ಎಳೆದು ಹಾಕಿದೆ. ತೊಳೆಯದ್ದು ಒಂದಾದ್ರೂ ಇದೆಯಾ ಅತ್ತೆ ಅಂತ ನನ್ನ ಕಾಲು ಹಿಡಿದೆ. ಇಲ್ಲ, ನಾನೇ ತೊಳೆದು ಹಾಕಿದೆ ಅಂತ ಹೇಗೆ ಹೇಳಲಿ? ರಾತ್ರಿಯೆಲ್ಲ ಕೂತು ಉಜ್ಜಿ, ಬೆಳಿಗ್ಗೆ ನಿನ್ನ ಕೈಗೆ ಕೊಟ್ಟೆ. ಒಂದು ಸಲಕ್ಕೆ ಅಂತ ಮಾಡಿದ್ದು. ಆಮೇಲೆ ನೀನು ಅದರಲ್ಲೇ ಉಸಿರಾಡೋಕೆ ಶುರು ಮಾಡಿದೆ. ನಿಲ್ಲಿಸಿದ್ರೆ ನಿನ್ನ ಉಸಿರೇ ನಿಂತೀತು ಅಂತ..."

ಅವಳು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು.

"ಹಾಗಿದ್ರೆ ಇಷ್ಟು ತಿಂಗಳು ನಾನು ಮೂಸಿದ್ದು..."

"ಸೋಪು ಅವನದೇ. ಎಣ್ಣೆ ಅವನದೇ. ಕೈ ಮಾತ್ರ ನಂದು."

ಜಂಬ ತೆವಳಿಕೊಂಡು ಒಳಗೆ ಬಂತು. ಯಾರೂ ಇಲ್ಲದ ಕೋಣೆಯಿಂದ ಅವನ ವಾಸನೆ ಬಂದಾಗಲೆಲ್ಲ ಪಾಪದ ಪ್ರಾಣಿ ಹೊರಗೆ ನಿಂತು ಕರೆಯುತ್ತಿತ್ತು. ದೆವ್ವಕ್ಕಿಂತ ಇದು ಹೆಚ್ಚು ಹೆದರಿಸುವ ಸಂಗತಿ ಅಂತ ನನಗನ್ನಿಸುತ್ತದೆ. ಎದೆ ಒಡೆದ ತಾಯಿಯೊಬ್ಬಳು ಮುಚ್ಚಿದ ಬಾಗಿಲ ಹಿಂದೆ ಕೂತು, ಮಗನನ್ನು ಮತ್ತೆ ಮತ್ತೆ ಮಾಡುತ್ತಿದ್ದಳು.

ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅತ್ತೆಯ ಉಗುರಿನಲ್ಲಿ ಸಿಕ್ಕಿಕೊಂಡಿದ್ದ ಬಿಳಿ ಸೋಪು ನೋಡಿದ ಮೇಲೆ ನಿಲ್ಲಲಿಲ್ಲ. ಅವಳು ಅತ್ತೆಯ ಮಡಿಲಿಗೆ ತಲೆ ಇಟ್ಟಳು. ಇಷ್ಟು ತಿಂಗಳಲ್ಲಿ ಇಬ್ಬರೂ ಜೊತೆಯಾಗಿ ಅತ್ತದ್ದು ಅವತ್ತೇ ಮೊದಲು.

ಅಳು ಇಳಿದ ಮೇಲೆ ಅತ್ತೆ ಮೂಗು ಒರೆಸಿಕೊಂಡರು. "ಲಾಂಡ್ರಿಯವನಿಗೆ ಗೊತ್ತಾಗಿತ್ತು. ಅವತ್ತು ನನ್ನ ಮುಖ ನೋಡಿದನಲ್ಲ, ಆಗಲೇ ನನಗೆ ತಿಳೀತು. ಅವನು ತೊಳೆದಿಲ್ಲ ಕಣೇ. ಒಂದು ದಿನ ಹಬೆಯಲ್ಲಿ ಇದ್ದದ್ದಕ್ಕೆ ನಾನು ಮೆತ್ತಿದ್ದು ಹಾರಿಹೋಗಿದೆ. ನನ್ನ ಮರ್ಯಾದೆ ಉಳಿಸೋಕೆ ತನ್ನ ತಲೆ ಮೇಲೆ ಹಾಕ್ಕೊಂಡ. ನಾನು ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದೆ. ಅದು ನನ್ನ ತಪ್ಪು."

ಅವಳು ಎದ್ದು ನಿಂತಳು.

"ಹೋಗು," ಅಂದರು ಅತ್ತೆ. "ಮೊಲ ಕರ್ಕೊಂಡು ಹೋಗು. ಸ್ವೆಟರೂ ತಗೊಂಡು ಹೋಗು, ಒಂದು ಸಲ ಸರಿಯಾಗಿ ತೊಳೆದು ಕೊಡಲಿ. ಆಮೇಲೆ ನಾನು ಹಾಕ್ಕೋತೀನಿ. ನನಗೂ ಚಳಿ ಆಗುತ್ತಮ್ಮ."

ಲಾಂಡ್ರಿಯಲ್ಲಿ ಅವನು ಅವಳು ಮಾಡಿಕೊಟ್ಟ ಕನ್ನಡಕ ಹಾಕಿಕೊಂಡು ಅಂಗಿಗಳಿಗೆ ನಂಬರು ಹೊಲಿಯುತ್ತಿದ್ದ. ಅವಳನ್ನು ನೋಡಿ ಎದ್ದ, ಪೆಟ್ಟಿಗೆಯಲ್ಲಿದ್ದ ಜಂಬನನ್ನು ನೋಡಿ ಅವನ ಮುಖ ಬಿಳುಚಿತು.

"ಇಷ್ಟೊಂದು ಇಳಿದುಹೋಗಿದೆಯಲ್ಲ..."

"ಮತ್ತೆ ಶುರುವಿಂದ ಮಾಡಬೇಕು. ಜಾಗ ಇದೆಯಾ?"

ಅವನು ಹಿಂಬಾಗಿಲು ತೆರೆದ. ತೊಟ್ಟಿ ಬೆಳ್ಳಗೆ, ಒಣಗಿ, ಕಾಯುತ್ತಿತ್ತು. ಒಂದು ಕೂದಲೂ ಇರಲಿಲ್ಲ.

"ನಾನು ಬರ್ತೀನಿ ಅಂತ ಗೊತ್ತಿತ್ತಾ?"

"ಇಲ್ಲ. ದಿನಾ ಸಂಜೆ ಉಜ್ಜಿ ಇಡ್ತಿದ್ದೆ. ಬಂದ್ರೆ ಇರಲಿ ಅಂತ."

ಚೀಟಿಯನ್ನು ಬಿಟ್ಟರು. ಜಂಬನನ್ನು ಬಿಟ್ಟರು. ಎರಡೂ ತಮ್ಮ ತಮ್ಮ ಮೂಲೆಯಲ್ಲಿ ಕೂತವು. ಅವಳು ಚೀಲದಿಂದ ಸ್ವೆಟರ್ ತೆಗೆದಳು.

"ಅತ್ತೆ ಎಲ್ಲ ಹೇಳಿದ್ರು. ನಿಮಗೆ ಹೇಗೆ ಗೊತ್ತಾಯ್ತು?"

"ಕೈಗೆ ತಗೊಂಡಾಗಲೇ," ಅವನು ತಲೆ ಎತ್ತಲಿಲ್ಲ. "ಒಗೆಯೋ ಸೋಪು ಉಣ್ಣೆ ಒಳಗಿತ್ತು, ಶೇವಿಂಗ್ ಸೋಪು ಮೇಲ್ಮೇಲೆ ಇತ್ತು. ಹಾಕಿಕೊಂಡು ತೆಗೆದ ಬಟ್ಟೆ ಹಾಗಿರಲ್ಲ. ಯಾರು ಮಾಡಿರಬಹುದು ಅಂತ ಗೊತ್ತಿರಲಿಲ್ಲ. ಅವತ್ತು ನಿಮ್ಮ ಅತ್ತೆಯವರ ಮುಖ ನೋಡಿದ ಮೇಲೆ ತಿಳೀತು."

"ಯಾಕೆ ಸುಳ್ಳು ಹೇಳಿದ್ರಿ?"

"ನನ್ನ ಮೇಲೆ ಸಿಟ್ಟಾದ್ರೆ ನೀವು ಇಲ್ಲಿಗೆ ಬರಲ್ಲ, ಅಷ್ಟೆ. ಅವರ ಮೇಲಾದ್ರೆ... ನೀವಿಬ್ಬರೂ ಅದೇ ಮನೇಲಿ ಇರಬೇಕಲ್ಲ."

"ಅಷ್ಟೆ ಅಂತೀರಾ?"

ಅವನು ಕನ್ನಡಕ ತೆಗೆದು ಒರೆಸಿದ. ಅದು ಮೊದಲೇ ಶುಭ್ರವಾಗಿತ್ತು.

"ಅಷ್ಟೆ ಅಲ್ಲ. ಸಂಜೆ ಐದೂವರೆಗೆ ಬಾಗಿಲ ಕಡೆ ನೋಡೋ ಅಭ್ಯಾಸ ಆಗಿಬಿಟ್ಟಿದೆ. ಕೈಗೆ ಆಗೋ ಹಾಗೆ ಕಣ್ಣಿಗೂ ಅಭ್ಯಾಸ ಆಗುತ್ತೆ. ನೀವು ಅಂದ್ರೆ ನನಗೆ... ಇಷ್ಟ. ಹೇಳೋ ಹೊತ್ತಲ್ಲ ಇದು, ಗೊತ್ತು."

"ಅವತ್ತು ನಿಮ್ಮ ಅಮ್ಮನ ವಿಷಯ ಎತ್ತಿದೆ. ಅದನ್ನ ಹೇಗೆ ತೊಳೀಲಿ?"

"ಅದು ಅವತ್ತೇ ಹೋಯ್ತು ಬಿಡಿ."

ಅವಳ ಕಣ್ಣು ತುಂಬಿತು. "ನನಗೆ ಹೆದರಿಕೆ. ನಮ್ಮ ಯಜಮಾನ್ರನ್ನ ಸತ್ತ ಮೇಲೆ ನಾನು ನೋಡಲೇ ಇಲ್ಲ. ಜಂಬನ ಹಾಗೆ. ಒಂದೊಂದು ದಿನ ಇನ್ನೂ ಕಾಯ್ತೀನೇನೋ... ಅಂಥವಳ ಜೊತೆ ನಿಮಗೆ..."

"ಕಾಯಬೇಡಿ ಅಂತ ನಾನು ಹೇಳಲ್ಲ. ಕಾಯುವಾಗ ಪಕ್ಕದಲ್ಲಿ ಕೂತಿರ್ತೀನಿ."

ಅವಳು ಸ್ವೆಟರಿನ ಮಡಿಕೆ ಬಿಡಿಸಿದಳು. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿಸಿ ಅಂದಳು. ಅವನು ತುಂಬಿಸಿದ.

"ನಾನೇ ಅದ್ದುತ್ತೀನಿ."

"ಒಂದು ಮಾತು," ಅವನು ತಡೆದ. "ಉಣ್ಣೆ ನೆಂದಾಗ ಒಳಗಿರೋ ವಾಸನೆಯೆಲ್ಲ ಒಂದು ಸಲ ಮೇಲೆ ಬರುತ್ತೆ. ಎಷ್ಟು ಹಳೇದಾದ್ರೂ. ಒಂದೇ ಸಲ. ಬೇಕಿದ್ರೆ ಹತ್ತಿರ ಬಗ್ಗಿ."

ಅವಳು ಬಗ್ಗಿದಳು. ಸ್ವೆಟರ್ ನೀರಿಗಿಳಿಯಿತು. ಸೋಪು ಬಂತು, ಎಣ್ಣೆ ಬಂತು, ಅತ್ತೆಯ ಕೈಯ ಅಡುಗೆಯ ವಾಸನೆ ಬಂತು. ಎಲ್ಲ ಮುಗಿಯಿತು ಅನ್ನುವಾಗ, ಎಲ್ಲದರ ಕೆಳಗಿನಿಂದ, ಹೆಸರಿಲ್ಲದ ಆ ಇನ್ನೇನೋ ಒಂದು ಕ್ಷಣ ಎದ್ದು ಅವಳ ಮುಖಕ್ಕೆ ತಾಗಿತು. ಒಗೆದರೂ ಉಳಿದಿತ್ತೋ, ಅವಳ ಆಸೆಯೋ, ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಾಗಲಿಲ್ಲ.

ತೊಟ್ಟಿಯಲ್ಲಿ ಜಂಬ ಕಿವಿ ನಿಮಿರಿಸಿತು. ಅವಳು ಉಸಿರು ಹಿಡಿದು ಕಾದಳು. ಜಂಬ ಕಾಲು ಬಡಿಯಲಿಲ್ಲ.

"ಹೋಗಿ ಬನ್ನಿ," ಅಂದಳು ಅವಳು ನೀರಿಗೆ, ತುಂಬ ಮೆತ್ತಗೆ.

ಚೀಟಿ ಮೂಲೆಯಿಂದ ಎದ್ದು ಬಂದಳು. ಜಂಬನ ಮೂಗಿನ ಮುಂದೆ ತಲೆ ನೆಲಕ್ಕೆ ಒತ್ತಿ ಮಲಗಿದಳು. ಜಂಬ ಅತ್ತ ನೋಡಿತು, ಇತ್ತ ನೋಡಿತು. ಕೊನೆಗೆ ಬೇರೆ ದಾರಿಯಿಲ್ಲ ಅನ್ನುವ ಹಾಗೆ ಅವಳ ಹಣೆಯನ್ನು ಒಂದು ಸಲ ನೆಕ್ಕಿತು. ಮತ್ತೊಂದು ಸಲ. ಅವನು ಒಣಹುಲ್ಲಿನ ಕಟ್ಟು ಇಳಿಸಿದ. ಚೀಟಿ ಒಂದು ಎಳೆ ಎಳೆದಳು. ಅದೇ ಎಳೆಯ ಇನ್ನೊಂದು ತುದಿಯನ್ನು ಜಂಬ ಬಾಯಿಗಿಟ್ಟಿತು.

ಕರ... ಕರ... ಕರ...

ಇಬ್ಬರೂ ತೊಟ್ಟಿಯ ಒಂದೇ ಅಂಚಿನಲ್ಲಿ ಕೂತು ಆ ಸದ್ದು ಕೇಳಿದರು. ಅವಳ ಒದ್ದೆ ಕೈ ಅವನ ಕೈಯ ಮೇಲಿತ್ತು. ಯಾರು ಮೊದಲು ಇಟ್ಟರು ಅಂತ ಕೇಳಬೇಡಿ, ಅವರಿಗೇ ನೆನಪಿಲ್ಲ.

"ಇನ್ನು ಇವನ್ನ ಬೇರೆ ಇಡೋ ಹಾಗಿಲ್ಲ," ಅಂದ ಅವನು.

"ಗೊತ್ತು."

"ಎಲ್ಲಿ ಇರಲಿ?"

ಅವಳು ಅವನ ಕೈಯಲ್ಲಿದ್ದ ಕನ್ನಡಕ ತೆಗೆದು ಅವನ ಮೂಗಿನ ಮೇಲೆ ಸರಿಯಾಗಿ ಕೂರಿಸಿದಳು.

"ನಮ್ಮನೇಲಾ, ನಿಮ್ಮನೇಲಾ? ನೋಡಿ ಹೇಳಿ. ಒಂದನೇದಾ, ಎರಡನೇದಾ?"

ಅವನು ಈ ಸಲ ಅಕ್ಷರ ಹುಡುಕಲಿಲ್ಲ, ಅವಳನ್ನೇ ನೋಡಿದ.

"ಎರಡೂ ಒಂದೇ ಥರ ಇದೆ," ಅಂದ.